ಉಣ್ಣುವ ಕೈ, ಒತ್ತುವ ಕೈ

ಬಚ್ಚಲ ಒಲೆಯ ಬೂದಿ ಪೂರ್ತಿ ಆರುವವರೆಗೆ ನಾನು ಅದಕ್ಕೆ ಕೈ ಹಾಕುತ್ತಿರಲಿಲ್ಲ. ಒಳಗೆ ಮರಳು ತುಂಬಿದ ಮಡಕೆ, ಮರಳಿನಲ್ಲಿ ಅಕೀಕ ಕಲ್ಲುಗಳು. ಉಂಗುರಕ್ಕೆ ಕೂರಿಸುತ್ತಾರಲ್ಲ, ಅವೇ. ಯೆರವಡಾದ ಕಾಲೇಜಿನಲ್ಲಿ ಪುರಾತನ ಕಲ್ಲಿನ ಆಯುಧಗಳನ್ನು ಜೋಡಿಸಿಡುವ ಕೆಲಸ ನಮ್ಮ ಮನೆಯವರದು. ಅಂಥ ಬಾಣದ ಮೊನೆಯನ್ನು ತಾವೂ ಮಾಡಿ ನೋಡುವ ಹುಚ್ಚು ಅವರಿಗೆ. ಸಣ್ಣ ಉರಿಯಲ್ಲಿ ಕಾದು ತಾನಾಗಿ ಆರಿದ ಕಲ್ಲು ಕೆಂಪಾಗುತ್ತದೆ, ಹೇಳಿದಂತೆ ಕೇಳುತ್ತದೆ. ಅವಸರ ಮಾಡಿದರೆ ಸೀಳಿಹೋಗುತ್ತದೆ.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ಅತ್ತೆ ರುದ್ರವ್ವ ವಿಜಾಪುರದಿಂದ ಬಂದರು. ಎಂಟು ವರ್ಷದ ನಮ್ಮ ಸಾವಂತ್ರಿ ಎಡಗೈಯಲ್ಲಿ ಬಳಪ ಹಿಡಿದದ್ದನ್ನು ಕಂಡು, ಆ ಕೈಗೆ ಅರಿವೆ ಸುತ್ತಿ ಗಂಟು ಹಾಕಿದರು.

“ನಾಳೆ ಕೊಟ್ಟ ಮನ್ಯಾಗ ನಗ್ತಾರ.”

ಬೆಳಿಗ್ಗೆ ಕಟ್ಟಿದರೆ ಬಿಚ್ಚುವುದು ಮಲಗುವಾಗಲೇ. ಹುಡುಗಿ ಅಳಲಿಲ್ಲ. ಮಾತನಾಡುವುದನ್ನೇ ಬಿಟ್ಟಳು. ಅದನ್ನು ನೋಡಿ ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ರವಿವಾರ ಇವರು ಹಿತ್ತಲಲ್ಲಿ ಕೂತಿದ್ದರು. ಎಡ ಅಂಗೈಯಲ್ಲಿ ಹಳೆಯ ಚಪ್ಪಲಿಯ ತುಂಡು, ಅದರ ಮೇಲೆ ಕಲ್ಲು. ಬಲಗೈಯಲ್ಲಿ ಹಿಡಿಕೆ ಹಾಕಿದ ತಾಮ್ರದ ಮೊಳೆ. ಮೊಳೆಯಿಂದ ಅಂಚನ್ನು ಒತ್ತಿ ಒತ್ತಿ ಚೂರು ಎಬ್ಬಿಸಬೇಕು. ಮೂರನೆಯ ಕಲ್ಲೂ ಮುರಿಯಿತು.

“ಅಪ್ಪಾ, ನಾ ಒಮ್ಮೆ?” ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು ಸಾವಂತ್ರಿ.

ಬಲಗೈಯಿಂದ ಒತ್ತಿದಳು, ಮೊಳೆ ಜಾರಿತು. ಹಿಟ್ಟಿನ ಕೈ ಒರೆಸಿಕೊಂಡು ಹೋಗಿ ನಾನೇ ಆ ಗಂಟು ಬಿಚ್ಚಿದೆ. ಜೋಳ ಹಸನು ಮಾಡುತ್ತಿದ್ದ ಅತ್ತೆಯ ಮೊರ ನಿಂತಿತು.

ಮಗು ಕೈ ಬದಲಿಸಿತು. ಚಪ್ಪಲಿ, ಕಲ್ಲು ಬಲ ಅಂಗೈಗೆ, ಮೊಳೆ ಎಡಗೈಗೆ. ಟಿಕ್ ಎಂದು ಉಳ್ಳಾಗಡ್ಡಿ ಸಿಪ್ಪೆಯಂಥ ಚೂರು ಎದ್ದುಬಂತು.

“ಶಿವನ! ಉಣ್ಣೂ ಕೈಯಾಗ ಕೆರ ಹಿಡದಾಳಲ್ಲೊ!” ಅತ್ತೆ ಕೂಗಿದರು.

ಅವರನ್ನು ಹೆದರಿಸಿದ್ದು ಎಡಗೈಯಲ್ಲ, ಬಲಗೈಯಲ್ಲಿದ್ದ ಚಪ್ಪಲಿ!

ಇವರು ನಕ್ಕರು. “ಹಂಗಾರ ಆಕಿ ಯಾವ ಕೈಲೆ ಒತ್ತಬೇಕಬೇ ಯವ್ವಾ?”

“ನೀ ಸುಮ್ಮಿರು. ಮೂರಕ್ಕ ಮೂರೂ ಮುರದಿ.”

“ಅತ್ತಿ, ಗೋಣಿ ತಟ್ಟು ಮಡಚಿ ಕೊಟ್ಟರ ಆಗ್ತದೇನ್ರಿ?” ನಾನು ಮೆಲ್ಲಗೆ ಕೇಳಿದೆ.

ಅತ್ತೆ ಆ ಚೂರನ್ನು ಎತ್ತಿ ಬಿಸಿಲಿಗೆ ಹಿಡಿದರು. ಅಂಚಿನ ಮೇಲೆ ಉಗುರು ಆಡಿಸಿ, “ಅಬ್ಬಾ, ಭಾಳ ಚೂಪದ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಗೋಣಿ ಚುಚ್ಚತದ. ಕೌದಿ ತುಂಡು ತಾ, ಸೂಜಿ ತಾ.”

ತುಂಡನ್ನು ದಪ್ಪಗೆ ಮಡಚಿ, ಮೊಮ್ಮಗಳ ಬಲ ಅಂಗೈ ಮೇಲಿಟ್ಟು ಅಳತೆ ನೋಡಿ, ಹೆಬ್ಬೆರಳಿಗೊಂದು ಕುಣಿಕೆ ಬಿಟ್ಟು ಹೊಲಿಯತೊಡಗಿದರು.

“ಉಣ್ಣೂದು ಮಾತ್ರ ಬಲಗೈಲೆ. ತಿಳೀತಿಲ್ಲೊ?”

“ಹೂಂ, ಆಯಿ.”

“ಬರಿಯೂದು?” ನಾನು ಕೇಳಿಯೇ ಬಿಟ್ಟೆ.

ಅತ್ತೆ ಹಲ್ಲಿನಿಂದ ದಾರ ಕಡಿದರು. “ಅದನ್ನ ಮಾಸ್ತರ ನೋಡ್ಕೊಳ್ಳಿ. ನನಗೇನು ಓದಾಕ ಬರ್ತದ?”

ಮರುದಿನ ಬೆಳಿಗ್ಗೆ ಅತ್ತೆ ಮೊಮ್ಮಗಳ ಜಡೆ ಹೆಣೆದರು, ಕೈ ಕಟ್ಟಲಿಲ್ಲ. ಸಾವಂತ್ರಿ ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಒಂದೇ ಸಮ ಮಾತನಾಡುತ್ತಿದ್ದಳು. ಮೊದಲು ನುಂಗೆಂದು ನಾನು ಗದರಬೇಕಿತ್ತು. ಗದರಲಿಲ್ಲ, ಇನ್ನೊಂದು ರೊಟ್ಟಿ ಹಾಕಿದೆ.