ನಗುವ ಮುಖದ ಗುಂಡಿ

ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಪಕ್ಕ ಒಂದು ಪೆಟ್ಟಿಗೆ ನಿಲ್ಲಿಸಿದ್ದರು. ಅದರಲ್ಲಿ ಎರಡು ಗುಂಡಿ: ನಗುವ ಮುಖ, ಗಂಟುಮುಖ. ಸೇವೆ ಹೇಗಿದೆಯೆಂದು ಜನ ಒತ್ತಿ ತಿಳಿಸಬೇಕು. ಹೋಗಿಬರುವವರನ್ನು ಕರೆದು ಒತ್ತಿಸುವುದು ನನ್ನ ಕೆಲಸ. ನೌಕರರು ಮಾತ್ರ ಒತ್ತುವ ಹಾಗಿಲ್ಲ.

ಗುಡ್ಡದಾಚೆಗೆ ಹೋಗುತ್ತಿದ್ದ ಸಂಜೆಯ ಬಸ್ಸನ್ನು ಪ್ರಯೋಗಕ್ಕೆಂದು ನಿಲ್ಲಿಸಿದ್ದರು. ಗಂಟುಮುಖ ಹೆಚ್ಚು ಬಿದ್ದರೆ ಮತ್ತೆ ಬಿಡುತ್ತಾರೆ, ಇಲ್ಲದಿದ್ದರೆ ಅದರ ಕಥೆ ಮುಗಿಯಿತು. ಆ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ನನ್ನ ಅಕ್ಕ ಇದ್ದಾಳೆ. ಅಮ್ಮ ಹೋದ ಮೇಲೆ ತಲೆ ಬಾಚಿ, ತುತ್ತಿಟ್ಟು ನನ್ನನ್ನು ಬೆಳೆಸಿದವಳು. ಡ್ರೈವರ್ ಟೀ ಕುಡಿದು ಬಸ್ಸು ತಿರುಗಿಸುವಷ್ಟರಲ್ಲಿ ಅವಳ ಊದಿದ ಕಾಲಿಗೆ ಎಣ್ಣೆ ನೀವಿ, ನಾಲ್ಕು ಬೈಗುಳ ತಿಂದು ಬರದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಈಗ ಬರೀ ಫೋನು. ಫೋನಿನಲ್ಲಿ ಕಾಲು ನೀವಲಾಗುತ್ತದೆಯೇ?

ಜನರೋ, ದೇವರಂಥವರು, ಅದೇ ತೊಂದರೆ. ಅಕ್ಕನ ಊರಿನ ಟೈಲರಣ್ಣ, ನರ್ಸಮ್ಮ, ಎಲ್ಲರೂ ಬಸ್ಸಿಲ್ಲದೆ ಗುಡ್ಡ ಹತ್ತಿ ಇಳಿದು ಬಂದು ನನ್ನೆದುರು ಹೊಟ್ಟೆಯುರಿ ತೋಡಿಕೊಳ್ಳುತ್ತಿದ್ದರು. ಆಮೇಲೆ ನನ್ನ ಮುಖ ನೋಡಿ ನಗುವ ಮುಖವನ್ನೇ ಒತ್ತುತ್ತಿದ್ದರು. ಗಂಟುಮುಖ ಒತ್ತಿದರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಅವರ ನಂಬಿಕೆ. ನನಗೇನೂ ಆಗುವುದಿಲ್ಲ ಎಂದು ಬಾಯಿ ಬಡಿದುಕೊಂಡೆ. ಪಾಪ, ಹೊಟ್ಟೆಪಾಡು, ಹಾಗನ್ನಲೇಬೇಕಲ್ಲ ಎಂದರು. ಕಂಬದ ಮರೆಗೆ ನಿಂತೆ. ಹುಡುಕಿಕೊಂಡು ಬಂದು, ಒತ್ತಿದ್ದೇವೆ, ಹೆದರಬೇಡ ಎಂದು ಹೇಳಿ ಹೋದರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಅಂತ ಸುಮ್ಮನೆ ಹೇಳಿದರೇ! ಇಲ್ಲಿ ಬಸಿರು ಅವರದು, ಬೇನೆ ನನ್ನದು.

ಕೊನೆಯ ದಿನ, ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಹಾಲಿನ ವ್ಯಾನು ಬಂದು ನಿಂತಿತು. ಡ್ರೈವರನ ಕೈಹಿಡಿದು ಇಳಿದವಳು ಅಕ್ಕ. ಓಡಿಹೋಗಿ ತಬ್ಬಿಕೊಂಡೆ. ಅದೇ ಎಣ್ಣೆಯ ವಾಸನೆ. ಅವಳನ್ನು ಎಷ್ಟು ಬಯಸಿದ್ದೆನೆಂದು ಆಗಲೇ ನನಗೂ ಗೊತ್ತಾಗಿದ್ದು. ಅವಳ ಕಾಲು ನೋಡಿ ಸಾಲಿನಲ್ಲಿದ್ದವರೆಲ್ಲ ಲೊಚಗುಟ್ಟಿದರು. ಇವಳೊಬ್ಬಳು ಗಂಟುಮುಖ ಒತ್ತಿದರೆ ಸಾಕು, ಎಲ್ಲರೂ ಅದನ್ನೇ ಒತ್ತುತ್ತಾರೆ ಎಂದುಕೊಂಡೆ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತನ್ನ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಹೆಬ್ಬೆರಳಿಟ್ಟು ನಗುವ ಮುಖವನ್ನು ಗಟ್ಟಿಯಾಗಿ ಒತ್ತಿದಳು. ಒಮ್ಮೆ ಸಾಲದೆಂದು ಮತ್ತೊಮ್ಮೆ. ಹಿಂದಿದ್ದವರು ತಲೆದೂಗಿ ಅದನ್ನೇ ಒತ್ತಿ ನಡೆದರು.

"ಟೈಲರಣ್ಣ ಎಲ್ಲಾ ಹೇಳಿದ. ನಿನ್ನ ಕೆಲಸ ಗಟ್ಟಿಯಾಯ್ತು ಬಿಡು," ಎಂದು ಅಕ್ಕ ನನ್ನ ಕೆನ್ನೆ ಸವರಿದಳು. "ಈಗ ಹೇಳು, ಮನೆಗೆ ಯಾವಾಗ ಬರ್ತೀಯ?"