ತಪಾಸಣೆಯ ಬಾಗಿಲು

ನಗರ ಚೇತರಿಸಿಕೊಂಡುಬಿಟ್ಟಿತ್ತು. ಜಯದೇವಪ್ಪ ಬೆಳಗಿನ ಕಾಫಿಯನ್ನು ಅರ್ಧಕ್ಕೇ ಬಿಟ್ಟ.

ಪೇಪರಿನ ಮೊದಲ ಪುಟದಲ್ಲೇ ಹಾಕಿದ್ದರು: ಬಾಂಬು ಸಿಡಿದ ಮಾರುಕಟ್ಟೆಯಲ್ಲಿ ಈಗ ಮೊದಲಿಗಿಂತ ಹೆಚ್ಚು ಜನ. ಫೋಟೋದಲ್ಲಿ ಹೆಂಗಸೊಬ್ಬಳು ಸೀರೆಯ ಸೆರಗು ಎಳೆದು ನೋಡುತ್ತ ನಗುತ್ತಿದ್ದಳು. ಅವಳು ತನ್ನನ್ನು ನೋಡಿಯೇ ನಕ್ಕ ಹಾಗೆ ಅವನಿಗೆ ಸಿಟ್ಟು ಬಂತು.

ಹತ್ತು ತಿಂಗಳ ಹಿಂದೆ, ಬಾಂಬು ಸಿಡಿದ ವಾರವೇ, ಇದೇ ಪೇಪರಿನಲ್ಲಿ, ಈ ನಗರದ ವ್ಯಾಪಾರ ಇನ್ನೆರಡು ವರ್ಷ ಮೇಲೇಳುವುದಿಲ್ಲ ಎಂದು ಅಂಕಿ ಅಂಶ ಸಮೇತ ಬರೆದವನು ಅವನೇ. ಅರ್ಥಶಾಸ್ತ್ರದ ನಿವೃತ್ತ ಪ್ರೊಫೆಸರ್. ಆ ಲೇಖನವನ್ನು ಪೂರ್ತಿ ನಂಬಿದವನೂ ಬಹುಶಃ ಅವನೊಬ್ಬನೇ. ಹೆದರಿದ ಜನ ಬೆಟ್ಟ ಹತ್ತಿ ಬರುತ್ತಾರೆಂದು ಬಾಳೂರಿನ ತನ್ನ ಎಸ್ಟೇಟಿನಲ್ಲಿ ನಾಲ್ಕು ಕಾಟೇಜು ಕಟ್ಟಿಸಿದ. ಬಂದರು ಕೂಡ. ಅವರ ಸಮಾಧಾನಕ್ಕೆಂದು ಗೇಟಿನಲ್ಲಿ ಮೆಟಲ್ ಡಿಟೆಕ್ಟರಿನ ಬಾಗಿಲನ್ನೂ ನಿಲ್ಲಿಸಿದ. ಕೆಲಸದ ಹೆಂಗಸರ ಕತ್ತಿಗೂ ಹಸುವಿನ ಗಂಟೆಗೂ ಅದು ಒಂದೇ ಶ್ರದ್ಧೆಯಿಂದ ಕೂಗುತ್ತಿತ್ತು. ಆಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಧೈರ್ಯ ತಂದುಕೊಂಡು ವಾಪಸ್ ಹೋದರು.

ಉಳಿದವಳು ಕೃತಿಕಾ. ಆ ಮಾರುಕಟ್ಟೆಯಲ್ಲೇ ಅವಳದೊಂದು ಕೇಕಿನ ಅಂಗಡಿಯಿತ್ತು; ಬಾಂಬಿಗೆ ಅದರ ಗಾಜೆಲ್ಲ ಒಡೆದು ಮುಚ್ಚಿತ್ತು. ಎರಡು ದಿನಕ್ಕೆಂದು ಬಂದವಳು ಮೂರು ತಿಂಗಳು ಉಳಿದಿದ್ದಳು. ಅವಳು ಇರುವಷ್ಟು ದಿನ ತನ್ನ ಲೇಖನ ಪೂರ್ತಿ ಸುಳ್ಳಲ್ಲ ಎಂದು ಅವನು ಅಂದುಕೊಂಡಿದ್ದ. ಇವತ್ತು ಅವಳೂ ಬ್ಯಾಗು ಹಿಡಿದು ಅಂಗಳಕ್ಕೆ ಬಂದಳು.

"ಅಂಗಡಿಗೆ ಹೊಸ ಗಾಜು ಹಾಕಿದಾರೆ ಸರ್. ನಾಳೆ ತೆಗೀತೀನಿ."

"ಇಷ್ಟು ಬೇಗನಾ? ಮೊನ್ನೆ ಮಂಗ ಓಡ್ಸೋಕೆ ಪಟಾಕಿ ಹೊಡೆದಾಗ ನೀವು ಮಂಚದ ಕೆಳಗಿದ್ರಿ."

"ಈಗ್ಲೂ ಹೆದ್ರಿಕೆ ಇದೆ. ಅಲ್ಲೇ ಹೆದರ್ಕೊಂಡು ಕೇಕ್ ಮಾಡ್ತೀನಿ."

ಇದು ಅವನು ಪಾಠ ಮಾಡಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಇನ್ನೊಂದು ಬಾಂಬು ಸಿಡಿಯಬಹುದು ಅಂತ ಪೊಲೀಸರೇ ಹೇಳುತ್ತಿದ್ದಾರಂತೆ ಎಂದ. ಹಾಗೆಂದು ಯಾವ ಪೊಲೀಸರೂ ಹೇಳಿರಲಿಲ್ಲ. ಅವಳು ಅವನ ಮುಖವನ್ನೇ ನೋಡಿದಳು.

"ಸಿಡೀಲಿ ಅಂತಿದೆಯಾ ಸರ್, ನಿಮ್ಗೆ?"

ಬಸ್ಸಿಗೆ ಹೊತ್ತಾಯಿತು ಎಂದ.

ಅವಳನ್ನು ಬಸ್ಸಿಗೆ ಬಿಡಲು ಬಣಕಲ್ಲಿನ ಮೆಕ್ಯಾನಿಕ್ ಶಂಶುದ್ದೀನ್ ಜೀಪು ತಂದಿದ್ದ. ಬ್ಯಾಗು ಗೇಟು ದಾಟುವಾಗ ಬಾಗಿಲು ಕಿರುಚಿತು. ತೆಗೆದು ನೋಡಿದರೆ ಕೇಕು ಬೇಯಿಸುವ ತಗಡಿನ ಪಾತ್ರೆ.

"ಇಷ್ಟು ದಿನಕ್ಕೆ ಒಂದು ಪಾತ್ರೆ ಹಿಡೀತು ನೋಡಿ ಮಾರಾಯ್ರೆ," ಎಂದ ಶಂಶುದ್ದೀನ್. ಕೃತಿಕಾ ಜೋರಾಗಿ ನಕ್ಕಳು. ಜೀಪು ತಿರುವಿನಲ್ಲಿ ಮರೆಯಾಯಿತು.

ಜಯದೇವಪ್ಪ ಗೇಟಿನಲ್ಲೇ ನಿಂತ. ಹೌದು, ಅವನು ಬಯಸಿದ್ದ. ದೊಡ್ಡದೇನಲ್ಲ. ರಜೆಯ ದಿನ, ಯಾವುದಾದರೂ ಕಸದ ತೊಟ್ಟಿಯಲ್ಲಿ, ಯಾರೂ ಸಾಯದ ಹಾಗೆ. ನಾಲ್ಕು ಕಾಟೇಜು ತುಂಬುವಷ್ಟು. ತನ್ನ ಬಗ್ಗೆ ಅವನಿಗೆ ನಾಚಿಕೆಯಾಯಿತು, ಆದರೆ ಆ ಆಸೆ ಹೋಗಲಿಲ್ಲ.

ವಾಚು ಬಿಚ್ಚಿದ. ಕಾಟೇಜುಗಳ ಕೀಗೊಂಚಲು, ಮೊಬೈಲು, ಬೆಲ್ಟು, ಎಲ್ಲವನ್ನೂ ಮೋಟುಗೋಡೆಯ ಮೇಲಿಟ್ಟ. ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಾಗಿಲಿನಡಿ ನಡೆದ.

ಹಸಿರು ದೀಪ.

ಹಿಂದಿರುಗಿ ಮತ್ತೆ ದಾಟಿದ, ಈ ಸಲ ನಿಧಾನವಾಗಿ, ತನ್ನೊಳಗಿನದನ್ನು ಹುಡುಕಲು ಅದಕ್ಕೆ ಸಮಯ ಕೊಟ್ಟು. ಮತ್ತೂ ಹಸಿರು. ಮೇಯಲು ಹೊರಟ ಹಸು ಕೊರಳ ಗಂಟೆ ಅಲ್ಲಾಡಿಸುತ್ತ ಬಂದು ಅವನ ಹಿಂದೆ ನಿಂತಿತು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಹಸು ತಲೆ ತೂರಿಸಿದ ಕೂಡಲೇ ಕೆಂಪು ದೀಪ ಹತ್ತಿತು, ಬಾಗಿಲು ಕೂಗತೊಡಗಿತು.