ದುರ್ಗವ್ವ ಎತ್ತಿದ ಚೀಟಿ

"ಇಪ್ಪತ್ತನಾಲ್ಕನೇದು ಎಲ್ಲಿಗೆ ಹೋಯ್ತು?"

ಪಾಸ್ಟರ್ ಸತ್ಯರತ್ನ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿದ್ದವರು ಅವರೊಬ್ಬರೇ. ಮೇಜಿನ ಮೇಲೆ ಇಪ್ಪತ್ತಮೂರು ಚೀಟಿ ಸಾಲಾಗಿ ಮಲಗಿದ್ದವು. ಕೆಳಗಿನ ಲೇತ್ ಅಂಗಡಿಯಲ್ಲಿ ಕಬ್ಬಿಣ ಕೊರೆಯುವ ಸದ್ದಿಗೆ ಮೇಜು ಸಣ್ಣಗೆ ನಡುಗುತ್ತಿತ್ತು, ಚೀಟಿಗಳೂ ನಡುಗುತ್ತಿದ್ದವು. ಅವರು ಮೊದಲಿನಿಂದ ಎಣಿಸಿದರು, ಕೊನೆಯಿಂದ ಎಣಿಸಿದರು. ಮೇಜಿನ ಕೆಳಗೆ ಬಗ್ಗಿ ನೋಡಿ, ಏಳುವಾಗ ತಲೆ ಹೊಡೆಸಿಕೊಂಡರು.

ಭಾನುವಾರ ಲಗ್ಗೆರೆಯ ಆ ಪುಟ್ಟ ಸಭೆಯ ಮಕ್ಕಳಿಗೆ ಸ್ಪರ್ಧೆ. ಚೀಟಿಯಲ್ಲಿರುವ ಮಾತನ್ನು ಯಾರು ಯಾರಿಗೆ ಹೇಳಿದರು ಅಂತ ಮಕ್ಕಳು ಹೇಳಬೇಕು. ಚೀಟಿಗಳನ್ನು ಪಾಸ್ಟರೇ ಹೊಸ ವರ್ಷದ ಹಿಂದಿನ ದಿನ ಕೂತು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ವರ್ಷವೆಲ್ಲ ಮನೆಗೆ ಬಂದ ಮದುವೆ ಕಾರ್ಡುಗಳ ಖಾಲಿ ಬೆನ್ನನ್ನು ಅವರು ಎಸೆಯುವವರಲ್ಲ. ಅದೇ ದಿನ, ಅದೇ ಪೆನ್ನಿನಲ್ಲಿ, ಅದೇ ಕಾರ್ಡುಗಳ ಮೇಲೆ ಇನ್ನೊಂದು ಬಗೆಯ ಚೀಟಿಗಳನ್ನೂ ಬರೆದಿದ್ದರು. ಅವು ವಾಗ್ದಾನದ ಚೀಟಿಗಳು.

ಜನವರಿ ಒಂದನೇ ತಾರೀಖು ಬೆಳಗಿನ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೇ ಮುಂದೆ ಬಂದು, ಕಣ್ಣು ಮುಚ್ಚಿ, ಹಿತ್ತಾಳೆ ತಟ್ಟೆಯಿಂದ ಒಂದು ಚೀಟಿ ಎತ್ತುವುದು ಆ ಸಭೆಯ ಪದ್ಧತಿ. ಕೈಗೆ ಬಂದ ಮಾತು ಆ ವರ್ಷಕ್ಕೆ ಅವರ ಪಾಲಿನ ಮಾತು. ಕೆಲವರು ಅದನ್ನು ಕ್ಯಾಲೆಂಡರಿಗೆ ಅಂಟಿಸುತ್ತಾರೆ, ಕೆಲವರು ಬಸ್ ಪಾಸಿನ ಹಿಂದೆ ಇಡುತ್ತಾರೆ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಟಿಫಿನ್ ಡಬ್ಬಿಯ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ಅದಕ್ಕಾಗಿ ಪಾಸ್ಟರ್ ಬಹಳ ಎಚ್ಚರದಿಂದ ಆರಿಸುತ್ತಿದ್ದರು. ಕೋಪ, ಯುದ್ಧ, ರೋಗ ಯಾವುದೂ ತಟ್ಟೆಗೆ ಬರುವಂತಿರಲಿಲ್ಲ. ನೆರಳು, ನೀರು, ದಾರಿ, ಆಸರೆ ಇಷ್ಟೇ. ಆದರೂ ತಕರಾರು ತಪ್ಪುತ್ತಿರಲಿಲ್ಲ. ಸಭೆಯ ಹಿರಿಯ ಚನ್ನಮಲ್ಲಪ್ಪನವರಿಗೆ ಈ ಸಲ ತಾಳ್ಮೆಯ ಮೇಲಿನ ಮಾತು ಬಂದಿತ್ತು. "ಪಾಸ್ಟರೇ, ಹೋದ ವರ್ಷಾನೂ ತಾಳ್ಮೆ, ಈ ವರ್ಷಾನೂ ತಾಳ್ಮೆ! ಎಷ್ಟು ದಿನ ಕಾಯೋದು ಸ್ವಾಮಿ?" ಎಂದು ಎಲ್ಲರೆದುರೂ ಜಗಳಕ್ಕೆ ನಿಂತು, ಹೆಂಡತಿಯಿಂದ ಬೈಸಿಕೊಂಡು ಕೂತಿದ್ದರು.

ಈಗ ಪಾಸ್ಟರ್ ಪಟ್ಟಿ ತೆಗೆದು ಮಕ್ಕಳ ಚೀಟಿಗಳನ್ನು ಒಂದೊಂದಾಗಿ ತಾಳೆ ನೋಡಿದರು. ಇಲ್ಲದ್ದು ಯಾವುದು ಅಂತ ತಿಳಿದ ಕೂಡಲೇ ಪಟ್ಟಿಯನ್ನು ಮತ್ತೊಮ್ಮೆ ನೋಡಿದರು. ಕಾಯಿಲೆ ಬಿದ್ದು ಮಲಗಿದ ರಾಜನ ಹತ್ತಿರ ಪ್ರವಾದಿ ಬಂದು ಹೇಳಿದ ಮಾತು ಅದು: ಮನೆಯ ವ್ಯವಸ್ಥೆ ನೋಡಿಕೋ, ನಿನ್ನ ಕಾಲ ಮುಗಿಯಿತು, ಅನ್ನುವ ಅರ್ಥದ್ದು.

"ಕರುಣಾ! ಶನಿವಾರ ಚೀಟಿ ಕತ್ತರಿಸಿ ಎಲ್ಲಿಟ್ಟಿದ್ದೆ?"

ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಬಂದರು. "ಮಂಚದ ಮೇಲೆ. ಮಸಿ ಒಣಗ್ಲಿ ಅಂತ ಎರಡು ಗುಂಪು ಮಾಡಿ ಇಟ್ಟಿದ್ದೆ. ಬಂದು ಫ್ಯಾನ್ ಹಾಕ್ದೋರು ನೀವು. ಹಾರಿದ್ದನ್ನ ಎತ್ತಿಟ್ಟೋರೂ ನೀವೇ."

ಪಾಸ್ಟರ್ ಕುರ್ಚಿಯಲ್ಲಿ ಕೂತರು. "ಅರವತ್ತೆರಡು ಜನ ಚೀಟಿ ತಗೊಂಡ್ರು. ಅದರಲ್ಲಿ ಒಬ್ಬರ ಕೈಗೆ ನಾನು ಸಾವು ಬರ್ದು ಕೊಟ್ಟಿದೀನಿ."

"ಹಂಗೆಲ್ಲ ಅನ್ಬೇಡಿ. ಓದಿದ್ರೆ ಇಷ್ಟೊತ್ತಿಗೆ ಬಂದು ಬಾಗಿಲು ಬಡೀತಿದ್ರು. ಇವತ್ತು ಗುರುವಾರ, ನಾಲ್ಕು ದಿನ ಆಯ್ತು."

"ಓದೋಕೆ ಬರ್ದೇ ಇರೋರಾಗಿದ್ರೆ?"

ಸಭೆಯಲ್ಲಿ ಓದು ಬಾರದವರು ಏಳೆಂಟು ಜನ. ಆದರೆ ಇಬ್ಬರಿಗೂ ನೆನಪಾದದ್ದು ಒಂದೇ ಮುಖ.

ದುರ್ಗವ್ವ ಗದಗಿನ ಕಡೆಯವಳು. ಮಗ ವಿಠ್ಠಲನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿದ ಮೇಲೆ ಬಂದು, ಹೇರೋಹಳ್ಳಿಯ ಒಂದು ವಠಾರದಲ್ಲಿ ನೆಲೆಸಿದ್ದಳು. ಅಕ್ಷರ ಒಂದೂ ಬಾರದು. ಆದರೆ ಒಮ್ಮೆ ಕಿವಿಗೆ ಬಿದ್ದ ವಾಕ್ಯ ಅವಳ ಬಾಯಿಂದ ಕಾಗುಣಿತ ತಪ್ಪದೆ ಬರುತ್ತಿತ್ತು. ಪಾಸ್ಟರ್ ಪೀಠದ ಮೇಲೆ ತಡವರಿಸಿದರೆ ಹಿಂದಿನ ಸಾಲಿನಿಂದ ಮುಂದಿನ ಪದ ತೇಲಿಬರುತ್ತಿತ್ತು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಎರಡು ವರ್ಷ. ಎರಡು ಸಲ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದ್ದರು ಪಾಸ್ಟರ್, ಎರಡು ಸಲವೂ ಆಪರೇಷನ್ನಿನ ಹಿಂದಿನ ದಿನ ಅವಳು ಎದ್ದು ಬಂದಿದ್ದಳು. ಮೊದಲ ಸಲ ಪಕ್ಕದ ಹಾಸಿಗೆಯವಳು ತೀರಿಕೊಂಡಳು ಅಂತ. ಎರಡನೇ ಸಲ ಕಾರಣವನ್ನೇ ಹೇಳಿರಲಿಲ್ಲ. ಈಗ ಬರುವ ಮಂಗಳವಾರ ಮೂರನೇ ಸಲ. ಇನ್ನು ತಡವಾದರೆ ನಮ್ಮ ಕೈಯಲ್ಲಿ ಇಲ್ಲ ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಆಗಲೇ ಫೋನು ಬಂತು. ಕಾಯಿನ್ ಬೂತಿನಿಂದ ದುರ್ಗವ್ವನ ಸೊಸೆ ದಾನಮ್ಮ. "ಅಯ್ಯನವರ, ಲಗೂನ ಬರ್ರಿ. ಅತ್ತಿ ಯಾಕೋ ಒಂಥರಾ ಮಾಡಾಕತ್ತಾರ." ಮುಂದೆ ಏನೋ ಹೇಳುವಷ್ಟರಲ್ಲಿ ಕಾಯಿನ್ನಿನ ಆಯುಸ್ಸು ಮುಗಿದು ಫೋನು ಕಟ್ಟಾಯಿತು.

ಪಾಸ್ಟರ್ ಒಂದು ಹೊಸ ಚೀಟಿ ಬರೆದರು. ತಮಗೆ ಗೊತ್ತಿದ್ದದ್ದರಲ್ಲೇ ಅತ್ಯಂತ ತಂಪಾದ ಮಾತನ್ನು ಆರಿಸಿ, ಒಂದು ಅಕ್ಷರ ಕೆಟ್ಟದ್ದಕ್ಕೆ ಇನ್ನೊಂದು ಬರೆದು, ಜೇಬಿಗೆ ಹಾಕಿಕೊಂಡು ಟಿವಿಎಸ್ ಹತ್ತಿದರು. ರಿಂಗ್ ರೋಡಿನಲ್ಲಿ ಲಾರಿಗಳ ನಡುವೆ ಗಾಡಿ ಬಿಡುತ್ತ ತುಟಿಯಲ್ಲೇ ಪ್ರಾರ್ಥಿಸಿದರು. ಪ್ರಾರ್ಥನೆ ದುರ್ಗವ್ವನಿಂದ ಶುರುವಾಗಿ, ಸುಂಕದಕಟ್ಟೆ ದಾಟುವ ಹೊತ್ತಿಗೆ ತಮ್ಮ ಬಳಿಗೇ ಬಂದು ನಿಂತಿತ್ತು. ಏನಾದರೂ ಆದರೆ ಜನ ಏನಂತಾರೆ? ಚನ್ನಮಲ್ಲಪ್ಪ ಏನಂತಾರೆ? ಪಾಸ್ಟರ್ ಕೊಟ್ಟ ಚೀಟಿ ಓದಿಸಿಕೊಂಡು ಮುದುಕಿ ಆಸ್ಪತ್ರೆಗೆ ಹೋಗದೆ ಸತ್ತಳು ಅಂತ ಬಿಷಪ್ಪರವರೆಗೆ ದೂರು ಹೋಗುತ್ತದೆ.

ಹೇರೋಹಳ್ಳಿಯ ಗುಂಡಿಗಳನ್ನು ತಪ್ಪಿಸಿ ವಠಾರ ಸೇರಿದರೆ, ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಒಂದು ಸೀಮೆಎಣ್ಣೆ ಸ್ಟವ್, ಎರಡು ಪಾತ್ರೆ, ಹಳೇ ಟ್ರಂಕು. ದುರ್ಗವ್ವನ ಸ್ಟವ್ ಅದು ಅಂತ ಪಾಸ್ಟರಿಗೆ ಚೆನ್ನಾಗಿ ಗೊತ್ತು. ಹತ್ತಡಿ ಕೋಣೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ಸೊಸೆಯದು ಗ್ಯಾಸು, ಅತ್ತೆಯದು ಸ್ಟವ್. ನಾಲ್ಕು ವರ್ಷದಿಂದ ಅತ್ತೆ ಸೊಸೆಗೆ ಮಾತಿಲ್ಲ, ಸಾರಿನ ಕೊಡುಕೊಳ್ಳುವಿಕೆಯೂ ಇಲ್ಲ. ಕ್ಷಮೆಯ ಮೇಲೆ ಪಾಸ್ಟರ್ ಮಾಡಿದ ಪ್ರಸಂಗಗಳಿಗೆ ಇಬ್ಬರೂ ಬೇರೆಬೇರೆ ಸಾಲಿನಲ್ಲಿ ಕೂತು ತಲೆದೂಗಿದ್ದರು.

ದಾನಮ್ಮ ನಲ್ಲಿಯ ಹತ್ತಿರ ಅಡ್ಡಗಟ್ಟಿದಳು. ಅಳು ಬಾಯಿಗೇ ಬಂದಿತ್ತು.

"ಟ್ರಂಕ್ ಎಲ್ಲಾ ಖಾಲಿ ಮಾಡ್ಯಾರ್ರಿ. ಸೀರಿ ವಠಾರಕ್ಕೆಲ್ಲ ಹಂಚ್ಯಾರ. ಸ್ಟವ್ ಗುಜರಿಗೆ ಹಾಕು ಅಂತಾರ. ಇವತ್ತ ಮುಂಜಾನಿ ತಮ್ಮ ಬೋರಮಾಳ ಬಿಚ್ಚಿ ನನ್ನ ಕೊಳ್ಳಾಗ ಹಾಕಿದ್ರು. ನನಗ ಜೀವಾನ ಹೋದಂಗಾತು."

"ಆ ಚೀಟಿ ಓದಿದ್ದು ಯಾರಮ್ಮ?"

ದಾನಮ್ಮ ನೆಲ ನೋಡಿದಳು. "ನಾನಾರಿ. ಇವರು ಡ್ಯೂಟಿಗೆ ಹೋಗಿದ್ರು. 'ದಾನವ್ವಾ, ಇದರಾಗ ಏನೈತಿ ನೋಡು' ಅಂದ್ರು. ನಾಕು ವರ್ಷದಾಗ ಮೊದಲ್ನೇ ಸಲ ಹೆಸರು ಹಿಡದು ಕರದಿದ್ರು. ಆ ಸಂತೋಷಕ್ಕ ಮುಂದ ಹಿಂದ ನೋಡದ ಓದಿಬಿಟ್ಟೆ."

ಒಳಗೆ ದುರ್ಗವ್ವ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. "ಬರ್ರಿ ಅಯ್ಯನವರ. ದಾನವ್ವಾ, ಚಾ ಇಡು. ಸಕ್ರಿ ಮುಂದ ಇರ್ಲಿ, ಹೋದ ಸಲ ಇವರು ಮುಖ ಹಿಂಡ್ಕೊಂಡು ಕುಡದಿದ್ರು."

ಪಾಸ್ಟರಿಗೆ ಚಹಾದ ಯೋಚನೆ ಇರಲಿಲ್ಲ. ಚಾಪೆಯ ಮೇಲೆ ಕೂತವರೇ ಎಲ್ಲ ಹೇಳಿಬಿಟ್ಟರು: ಮಕ್ಕಳ ಸ್ಪರ್ಧೆ, ಮದುವೆ ಕಾರ್ಡು, ಫ್ಯಾನು. "ಅವ್ವ, ಅದು ನಿಮಗೆ ಬಂದ ಮಾತಲ್ಲ. ನನ್ನ ತಪ್ಪು. ಬರೀ ನನ್ನ ತಪ್ಪು."

"ಗೊತ್ತೈತ್ರಿ."

"ಏನು ಗೊತ್ತು?"

"ಅದು ತಟ್ಟಿಯಾಗ ಇಡೋ ಮಾತಲ್ಲ ಅಂತ. ಆ ರಾಜನ ಕತಿ ನೀವು ಮೂರು ಸಲ ಹೇಳೀರಿ. ಅವ ಗ್ವಾಡಿ ಕಡೆ ಮುಖ ಮಾಡಿ ಅತ್ತ. ಹದಿನೈದು ವರ್ಷ ಹೆಚ್ಚಿಗಿ ಸಿಕ್ತು."

"ಹೌದವ್ವ! ಅದನ್ನೇ ಹೇಳೋಣ ಅಂತ ಓಡಿ ಬಂದೆ!"

"ಹದಿನೈದು ಎಲ್ಲಾ ನನಗ ಬ್ಯಾಡ್ರಿ. ಮೊಣಕಾಲು ತಡಿಯಂಗಿಲ್ಲ." ಕಾಯಿ ಸುಲಿಯುವ ಕೈ ನಿಲ್ಲಲಿಲ್ಲ. "ನಮ್ಮ ಮನಿಯವರು ತೀರಿಕೊಂಡ ವರ್ಷ ನನಗ ಯಾವ ಚೀಟಿ ಬಂದಿತ್ತು ನೆನಪೈತೇನ್ರಿ? ಮನಿ ತುಂಬ ನಗು ಇರತೈತಿ ಅಂತ. ವಿಠ್ಠಲನ ಫ್ಯಾಕ್ಟರಿ ಬಾಗಲಾ ಹಾಕಿದ ವರ್ಷ ಕಣಜ ತುಂಬತೈತಿ ಅಂತ ಬಂತು. ನಾ ನಿಮ್ಮನ್ನ ಕೇಳಲಿಲ್ಲ. ದೊಡ್ಡವನ ಲೆಕ್ಕ ನಮಗ ತಿಳಿಯಂಗಿಲ್ಲ ಅಂತ ಸುಮ್ಮನಾದೆ. ಈ ವರ್ಷದ್ದು ಮಾತ್ರ ಸೀದಾ ನನ್ನ ಮುಖ ನೋಡಿ ಮಾತಾಡಿತ್ರಿ. ಮನಿ ಸರಿ ಮಾಡ್ಕೋ ಅಂತು. ಮಾಡ್ಕೊಂಡೆ."

ಒಲೆಯ ಮುಂದೆ ದಾನಮ್ಮ ಬೆನ್ನು ತಿರುಗಿಸಿ ನಿಂತಿದ್ದಳು. ಹೆಗಲು ಅಲುಗುತ್ತಿತ್ತು.

ಪಾಸ್ಟರ್ ಕೇಳಲೇಬೇಕಾದದ್ದನ್ನು ಕೇಳಿದರು. "ಮಂಗಳವಾರ, ಅವ್ವ?"

"ಬರ್ತೀನ್ರಿ. ಹೋದ ಸಲ ಯಾಕ ಎದ್ದು ಬಂದೆ ಅನ್ಕೊಂಡೀರಿ? ಅಂಜಿ ಅಲ್ಲ. ಎರಡು ಒಲಿ ಹೊತ್ತಿಸಿಟ್ಟು ಹೋಗಾಕ ಮನಸು ಬರ್ಲಿಲ್ಲ. ನಾ ಆ ಮ್ಯಾಜಿನ ಮ್ಯಾಲೆ ಹೋಗಿಬಿಟ್ರ ಈಕಿ ಸಾಯೂತನಕ ಏನಂತ ನೆನಸ್ಕೋಬೇಕು ನನ್ನ? ಈಗ ಒಂದ ಒಲಿ. ಈಗ ಹಗೂರ ಆಗೇನಿ. ಅವರು ಕೊಯ್ದ್ರೂ ಅಷ್ಟ, ಬಿಟ್ರೂ ಅಷ್ಟ. ಆಸ್ಪತ್ರಿ ಕಾಗದದ ಮ್ಯಾಲೆ ಹೆಬ್ಬೆಟ್ಟೂ ಒತ್ತೇನಿ, ನೋಡ್ರಿ, ಇನ್ನೂ ನೀಲಿ ಹೋಗಿಲ್ಲ."

ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಅರ್ಧ ಮಾತ್ರ ಇಳಿಯಿತು. ದಾನಮ್ಮ ಚಹಾ ತಂದಿಟ್ಟಳು, ಪಾಸ್ಟರ್ ಬಿಸಿಬಿಸಿಯೇ ಕುಡಿದು ನಾಲಿಗೆ ಸುಟ್ಟುಕೊಂಡರು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಜೇಬಿನಿಂದ ಹೊಸ ಚೀಟಿ ತೆಗೆದರು.

"ಒಂದು ಕೆಲಸ ಮಾಡಿ ಅವ್ವ. ಇದನ್ನ ಇಟ್ಕೊಳ್ಳಿ. ಅದನ್ನ ನನಗೆ ಕೊಟ್ಬಿಡಿ."

"ಯಾಕ್ರಿ? ಬರ್ತೀನಿ ಅಂದ್ನೆಲ್ಲ."

"ಅಲ್ಲ... ಮಕ್ಕಳ ಚೀಟಿ ಒಂದು ಕಮ್ಮಿ ಆಗುತ್ತೆ."

"ಹುಡುಗರಿಗೆ ಇನ್ನೊಂದು ಬರದು ಕೊಡಾಕ ನಿಮಗ ಎಷ್ಟೊತ್ತು? ಇದನ್ನ ಬರೀಲಿಲ್ಲೇನು?"

ದಾನಮ್ಮನ ಕಡೆಯಿಂದ ನಗುವಿನಂಥ ಒಂದು ಸದ್ದು ಬಂತು. ಪಾಸ್ಟರಿಗೆ ಕಿವಿ ಬಿಸಿಯಾಯಿತು. ದುರ್ಗವ್ವ ಮೊರ ಪಕ್ಕಕ್ಕಿಟ್ಟು ಅವರನ್ನೇ ನೋಡುತ್ತಿದ್ದಳು. ಹಿಂದಿನ ಸಾಲಿನಿಂದ ಪದ ಎತ್ತಿಕೊಡುವಾಗ ಹೇಗೆ ನೋಡುತ್ತಿದ್ದಳೋ ಹಾಗೆ, ಮುಂದಿನ ಪದಕ್ಕೆ ಕಾಯುವವಳಂತೆ. ಆ ಕಣ್ಣಿನ ಮುಂದೆ ಇನ್ನೊಂದು ಸುಳ್ಳು ಹೊರಡಲಿಲ್ಲ.

"ಮಂಗಳವಾರ ನಿಮಗೆ ಏನಾದ್ರೂ ಆದ್ರೆ, ಆ ಚೀಟಿ ಜನರ ಕೈಗೆ ಸಿಗುತ್ತೆ ಅವ್ವ. ನನ್ನ ಅಕ್ಷರ ಎಲ್ಲರಿಗೂ ಗೊತ್ತು. ಪಾಸ್ಟರ್ ಬರೆದದ್ದೇ ಆಯ್ತು ಅಂತಾರೆ. ಇನ್ನು ಆ ಪೀಠದ ಮೇಲೆ ಹೆಂಗೆ ನಿಂತ್ಕೊಳ್ಳಲಿ? ಸುಂಕದಕಟ್ಟೆಯಿಂದ ಅದೇ ಹೆದರಿಕೆ."

"ಹಂಗಾರ ನನ್ನ ಸಲುವಾಗಿ ಅಲ್ಲ."

"ಮೊದಲು ನಿಮ್ಮ ಸಲುವಾಗೇ ಹೊರಟೆ. ದಾರಿಯಲ್ಲಿ ಬದಲಾಯ್ತು."

"ಇದನ್ನ ಒಪ್ಕೊಂಡ್ರಲ್ಲ, ದೊಡ್ಡ ಮಾತು." ದುರ್ಗವ್ವ ಸೆರಗಿನ ತುದಿಯ ಗಂಟು ಬಿಚ್ಚಿದಳು. ನಾಲ್ಕು ಮಡಿಕೆಯ ಚೀಟಿ. ಬೆನ್ನ ಮೇಲೆ ಯಾರದೋ ಮದುವೆಯ ಬಂಗಾರದ ಬಳ್ಳಿ ಹೊಳೆಯಿತು. ಪಾಸ್ಟರ್ ಕೈ ಚಾಚಿದರು. ಚಾಚಿದ ಕೈಯನ್ನು ಅವಳು ನೋಡಿದಳು, ಚೀಟಿಯನ್ನು ನೋಡಿದಳು, ಮತ್ತೆ ಅದನ್ನು ಸೆರಗಿಗೆ ಹಾಕಿ ಮೊದಲಿಗಿಂತ ಬಿಗಿಯಾಗಿ ಗಂಟು ಕಟ್ಟಿದಳು.

"ಒಂದೇ ಒಂದು ಸಲ ನನ್ನ ಮಾತು ಕೇಳಿ ಅವ್ವ. ಕೈ ಮುಗೀತೀನಿ, ಕೊಟ್ಬಿಡಿ."

"ನಿಮ್ಮ ಹೆದರಿಕಿ ನೀವು ಇಟ್ಕೋರಿ, ನನ್ನ ಚೀಟಿ ನಾ ಇಟ್ಕೋತೀನಿ," ಅಂದಳು ದುರ್ಗವ್ವ. "ಕೊಡಂಗಿಲ್ಲ."